ಪಡುಬೈಲಿನ ಅಪ್ಪಿ

೭ ಸೆಪ್ಟೆಂಬರ್ ೨೦೨೫, ಭಾನುವಾರ
ಖಲೀಫಾ ಸಿಟಿ, ಅಬುಧಾಬಿ

ಈ ಪುಸ್ತಕ ದೊಡ್ಡ ಮೊಮ್ಮಗಳು ಹಿತಾಳದ್ದು. ಹೋದ ವರ್ಷ ಶಾಲೆಯಲ್ಲಿ ಅರ್ಧ ಬರೆದು ಬಿಟ್ಟದ್ದು. ಮೊದಲಿನ ಪುಟಗಳಲ್ಲಿ ಅವಳ ಕೂಡುವ ಲೆಕ್ಕ, ಇಲ್ಲಿಂದ ನನ್ನದು. ಊರಿನ ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿದ್ದಷ್ಟು ಕಾಲ ದಿನಕ್ಕೆ ನಾಲ್ಕು ಸಾಲು ಬರೆಯದೆ ನಾನು ಬಾಗಿಲು ಹಾಕಿದವಳಲ್ಲ. ಇಲ್ಲಿಗೆ ಬಂದ ಮೇಲೆ ಪೆನ್ನು ಹಿಡಿಯಲು ಕೈ ಖಾಲಿ ಇದ್ದರೆ ತಾನೇ? ಕೈಯಲ್ಲಿ ಯಾವಾಗಲೂ ಸಣ್ಣ ಮೊಮ್ಮಗಳು ಮಾನ್ಯ. ಅವಳು ಹುಟ್ಟುವ ಮುಂಚೆ, ಹೋದ ನವೆಂಬರಿನಲ್ಲಿ, ಆರು ತಿಂಗಳಿಗೆಂದು ಬಂದವಳು. ಈಗ ಮಗು ಗೋಡೆ ಹಿಡಿದು ನಿಲ್ಲುತ್ತದೆ.

ನನಗೆ ಇಲ್ಲಿ ಏನೂ ಕಡಿಮೆಯಿಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ. ಮಗ ರಿತೇಶ್ ಒಳ್ಳೆಯವನು, ಸೊಸೆ ಶರ್ಮಿಳಾ ಎದುರು ಮಾತಾಡುವವಳಲ್ಲ. ಇಬ್ಬರೂ ಬೆಳಿಗ್ಗೆ ಕಾರಿನಲ್ಲಿ ಹೊರಟರೆ ಸಂಜೆಯೇ. ದೊಡ್ಡ ವಿಲ್ಲಾವನ್ನು ನಾಲ್ಕು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ, ಕೆಳಗಿನ ಹಿಂಭಾಗ ನಮ್ಮದು. ಕಿಟಕಿ ತೆರೆದರೆ ಕಾಂಪೌಂಡಿನ ಗೋಡೆ. ಗೋಡೆಯ ಆಚೆ ಯಾರದೋ ಚಪ್ಪಲಿಯ ಸದ್ದು ಕೇಳುತ್ತದೆ, ಮುಖ ಕಾಣುವುದಿಲ್ಲ.

ಇವತ್ತು ರಜೆ. ತಿಂಡಿ ಆದ ಮೇಲೆ ರಿತೇಶ್ ಬಂದು ನನ್ನ ಪಕ್ಕ ಕೂತ.

"ಅಮ್ಮ, ನಿನ್ನ ಅಜ್ಜಿಯ ಹೆಸರು ಎಂತ?"

ಹುಟ್ಟಿದ ಲಾಗಾಯ್ತು ಅವನು ಇದನ್ನು ಕೇಳಿದ್ದು ಇವತ್ತೇ. ನನಗೆ ಖುಷಿಯಾಯಿತು.

"ಅಪ್ಪಿ. ಅಪ್ಪಿ ಪೂಜಾರ್ತಿ. ಯಾಕೆ?"

"ವಂಶವೃಕ್ಷ ಮಾಡಿಸ್ಬೇಕು. ಪಡುಬೈಲಿನ ಜಾಗದ ಪಹಣಿಯಲ್ಲಿ ಇನ್ನೂ ನಿನ್ನ ತನಿಯ ಮಾಮನ ಹೆಸರು ಜಂಟಿಯಾಗಿ ಉಂಟು. ಅದು ಸರಿಯಾಗದೆ ಮಾರ್ಲಿಕ್ಕೆ ಆಗುದಿಲ್ಲ."

ನನ್ನ ಅಮ್ಮನ ಪಾಲಿಗೆ ಬಂದು ನನಗೆ ಉಳಿದ ಆ ತುಂಡು ಗದ್ದೆಯನ್ನು ಮಾರಿ, ಬಂದದ್ದನ್ನು ದುಬೈಯಲ್ಲಿ ಒಂದು ಫ್ಲ್ಯಾಟಿಗೆ ಹಾಕುವುದು ಅವನ ಯೋಚನೆ. ನಾನು ಊರಿಗೆ ಹೋಗುವುದು ಬೇಡವಂತೆ. ಇಲ್ಲಿಯೇ ಒಂದು ಮುಖ್ತ್ಯಾರ್ ಪತ್ರಕ್ಕೆ ಸಹಿ ಹಾಕಿದರೆ ಉಳಿದದ್ದನ್ನು ಅಲ್ಲಿ ವಕೀಲರು ನೋಡಿಕೊಳ್ಳುತ್ತಾರಂತೆ. ಆಗಲಿ ಅಂದೆ. ಅವರಿಗಲ್ಲದೆ ಯಾರಿಗೆ?

೧೧ ಸೆಪ್ಟೆಂಬರ್, ಗುರುವಾರ

ಊರಿಗೆ ಜಯಪಾಲನಿಗೆ ಫೋನ್ ಮಾಡಿದೆ. ನನ್ನ ಅಮ್ಮನ ಒಡಹುಟ್ಟಿದ ತನಿಯ ಮಾಮನ ಮಗ ಅವನು, ನನಗಿಂತ ಬಹಳ ಸಣ್ಣವ, ಈಗ ಪಡುಬೈಲಿನಲ್ಲೇ ಮನೆ ಕಟ್ಟಿ ಕೂತಿದ್ದಾನೆ. ಪೆಟ್ಟಿಗೆಯಲ್ಲಿದ್ದ ಕಾಗದಗಳ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ. ಮಗು ಮಲಗಿದಾಗ ಒಂದೊಂದನ್ನೇ ದೊಡ್ಡದು ಮಾಡಿ ಓದಿದೆ.

ಧಣಿಗಳು ಕೊಟ್ಟ ಹಳೆಯ ಗೇಣಿ ಚೀಟಿಗಳು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಸಂದಾಯವಾಯಿತು ಎಂದು ಬರೆದದ್ದು. ಮೊದಲಿನವು ಅಜ್ಜಿಯ ಅಣ್ಣ ದೂಮನ ಹೆಸರಿನಲ್ಲಿ, ಆಮೇಲಿನವು ಅಜ್ಜಿಯ ಮಗ ತನಿಯನ ಹೆಸರಿನಲ್ಲಿ. ಸರಕಾರದ ಬೆಳೆ ದಾಖಲೆಯಾದ ಅಡಂಗಲಿನಲ್ಲಿ ಸಾಗುವಳಿದಾರ ತನಿಯ, ಬೆಳೆ ಭತ್ತ. ಅಪ್ಪಿ ಎಲ್ಲಿಯೂ ಇಲ್ಲ. ದೂಮ ಅಜ್ಜ ನಡುವಯಸ್ಸಿಗೇ ಹಾಸಿಗೆ ಹಿಡಿದವರು ಎಂದು ಅಮ್ಮ ಹೇಳುತ್ತಿದ್ದರು. ತನಿಯ ಮಾಮ ಮೀಸೆ ಮೂಡುವ ಮೊದಲೇ ಬೊಂಬಾಯಿಯ ಹೋಟೆಲು ಸೇರಿದವರು. ಹಾಗಾದರೆ ಆ ಭತ್ತ ಬೆಳೆದದ್ದು ಯಾರು?

"ಅಜ್ಜಿ ಸತ್ತ ತಾರೀಕು ಬೇಕಂತೆ ಅಕ್ಕ," ಎಂದ ಜಯಪಾಲ. "ಇಲ್ಲಿ ಪಂಚಾಯತಿನಲ್ಲಿ ಇಲ್ಲ. ಅವರು ತೀರಿಕೊಂಡದ್ದು ಬೊಂಬಾಯಿಯಲ್ಲಿ ಅಲ್ವಾ?"

ನಾನು ಬೆಳೆದದ್ದು ಅಪ್ಪನ ಊರಿನಲ್ಲಿ. ಅಜ್ಜಿಯನ್ನು ಕಂಡದ್ದು ದೊಡ್ಡ ರಜೆಯಲ್ಲಿ ಮಾತ್ರ. ಅಗಲ ಪಾದ, ಬೆರಳುಗಳ ಸಂದಿಯಲ್ಲಿ ಬಿಳಿ ಹುಣ್ಣು, ಬಾಯಲ್ಲಿ ಹೊಗೆಸೊಪ್ಪು. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಮಾಮ ಅವರನ್ನು ಬೊಂಬಾಯಿಗೆ ಕರೆದುಕೊಂಡು ಹೋದರು. ಮಾಮ ಹೋರಾಡಿ ಗದ್ದೆ ಮಾಡಿಕೊಂಡರು, ತಾಯಿಯನ್ನು ಪೇಟೆಯಲ್ಲಿ ಸುಖವಾಗಿಟ್ಟರು ಎಂದು ನಮ್ಮಲ್ಲಿ ಎಲ್ಲರೂ ಹೇಳುವುದು. ಪುಣ್ಯವಂತೆ ಎಂದು ನಾನೂ ಹೇಳಿದ್ದೇನೆ.

ಮಗು ಎದ್ದಿತು.

೨೦ ಸೆಪ್ಟೆಂಬರ್, ಶನಿವಾರ

ರಿತೇಶ್ ಹೇಳಿದ, "ಅಮ್ಮ, ನಿನ್ನ ವೀಸಾ ರಿನ್ಯೂ ಆಯ್ತು. ಇನ್ನೊಂದು ವರ್ಷ ಟೆನ್ಶನ್ ಇಲ್ಲ."

ಮೊನ್ನೆ ರಕ್ತ ತೆಗೆಸಲು ಕರೆದುಕೊಂಡು ಹೋದದ್ದು ಅದಕ್ಕಂತೆ. ಸಕ್ಕರೆ ನೋಡಲು ಎಂದು ತಿಳಿದಿದ್ದೆ.

ಪಾಸ್‌ಪೋರ್ಟ್ ಎಲ್ಲಿದೆ ಎಂದು ಕೇಳಿದೆ. ಫೈಲಿನಲ್ಲಿ, ಲಾಕರಿನಲ್ಲಿ, ಸೇಫಾಗಿ ಉಂಟು ಎಂದ. ಒಳ್ಳೆಯದು.

೩ ಅಕ್ಟೋಬರ್, ಶುಕ್ರವಾರ

ಜಯಪಾಲ ತಾಲೂಕು ಕಚೇರಿಗೆ ಅರ್ಜಿ ಕೊಟ್ಟು ಭೂನ್ಯಾಯ ಮಂಡಳಿಯ ಆದೇಶದ ನಕಲು ತೆಗೆಸಿದ್ದಾನೆ. ಉಳುವವನಿಗೇ ಹೊಲ ಎಂದು ಕಾನೂನು ಬಂದಾಗ ಒಕ್ಕಲುಗಳೆಲ್ಲ ಡಿಕ್ಲರೇಶನ್ ಕೊಟ್ಟರಲ್ಲ, ಆಗಿನದ್ದು. ಅರ್ಜಿದಾರ ತನಿಯ ಪೂಜಾರಿ. ಧಣಿಗಳ ಕಡೆಯವರ ತಕರಾರು: ಅರ್ಜಿದಾರನು ಬೊಂಬಾಯಿಯಲ್ಲಿ ಹೋಟೆಲು ಕೆಲಸದಲ್ಲಿರುತ್ತಾನೆ, ಅವನು ಒಕ್ಕಲಲ್ಲ. ಅದರ ಕೆಳಗೆ ಮಂಡಳಿಯವರು ಬರೆದದ್ದು: ಸ್ಥಳ ತನಿಖೆಯಲ್ಲಿ ಅರ್ಜಿದಾರನ ಕುಟುಂಬದವರು ಸ್ವತಃ ಬೇಸಾಯ ಮಾಡುತ್ತಿರುವುದು ಕಂಡುಬಂದಿದೆ.

ಕುಟುಂಬದವರು. ನಾಲ್ಕು ಸಲ ಓದಿದೆ. ಆ ಮನೆಯಲ್ಲಿ ಆಗ ಅಜ್ಜಿ ಒಬ್ಬರೇ ಇದ್ದದ್ದು.

ಸಾಕ್ಷಿಗಳಲ್ಲಿ ಒಂದು ಹೆಸರು ಮೊರಿಸ್ ಡಿಸೋಜ. ಪಕ್ಕದ ಒಕ್ಕಲು ಮನೆಯ ಪೊರ್ಬುಗಳು. ಕ್ರಿಶ್ಚನ್ನರನ್ನು ನಮ್ಮಲ್ಲಿ ಹಾಗೆ ಕರೆಯುವುದು. ಅವರು ಇರುವುದು ದುಬೈಯಲ್ಲಿ, ಸತ್ವಾದಲ್ಲಿ ಟೈಲರ್ ಅಂಗಡಿ ಉಂಟು ಎಂದು ಜಯಪಾಲ ನಂಬರು ಕೊಟ್ಟ. ಫೋನ್ ಮಾಡಿದೆ. ಕಿವಿ ಸರಿಯಿಲ್ಲ, "ಬನ್ನಿ ಬನ್ನಿ, ಎದುರಿಗೆ ಬನ್ನಿ, ಫೋನಲ್ಲಿ ನನಗೆ ಗಾಳಿ ಮಾತ್ರ ಕೇಳುದು" ಎಂದು ಕಿರುಚಿದರು.

ಸಂಜೆ ರಿತೇಶನಿಗೆ ಹೇಳಿದೆ, ಒಂದು ದಿನ ಸತ್ವಾಕ್ಕೆ ಕರೆದುಕೊಂಡು ಹೋಗು.

"ಅದೆಲ್ಲ ಯಾಕಮ್ಮ? ಆರ್ಡರ್ ಸಿಕ್ಕಿತಲ್ಲ, ಖಲಾಸ್. ವಂಶವೃಕ್ಷಕ್ಕೆ ಅಷ್ಟು ಸಾಕು."

"ನನಗೆ ಬೇಕಿತ್ತು."

"ಮುಂದಿನ ವಾರ ನೋಡುವ."

೧೧ ಅಕ್ಟೋಬರ್, ಶನಿವಾರ

ಸತ್ವಾಕ್ಕೆ ಹೋಗಿ ಬಂದೆ. ಒಬ್ಬಳೇ.

ಅವರೆಲ್ಲ ಮಾಲಿಗೆ ಹೊರಟಿದ್ದರು, ಮಗುವನ್ನೂ ಕರೆದುಕೊಂಡು. ನನಗೆ ತಲೆನೋವು ಎಂದೆ. ಕಾರು ಗೇಟು ದಾಟಿದ ಮೇಲೆ ಮೇಲಿನ ಮನೆಯ ಮುನೀರಾಳ ಬಾಗಿಲು ತಟ್ಟಿದೆ. ಮಂಗಳೂರಿನ ಬ್ಯಾರಿಗಳ ಹುಡುಗಿ, ತುಳು ಚೆಂದ ಮಾತಾಡುತ್ತಾಳೆ. ಅವಳೇ ತನ್ನ ಬಸ್ ಕಾರ್ಡು ಕೊಟ್ಟು, ಎಲ್ಲಿ ಇಳಿಯುವುದು, ಎಲ್ಲಿ ಹತ್ತುವುದು ಎಂದು ಚೀಟಿಯಲ್ಲಿ ಬರೆದು, ನಿಲ್ದಾಣದ ತನಕ ಬಂದು ಬಿಟ್ಟಳು. "ಮಗನಿಗೆ ಹೇಳಿದ್ದೀರಲ್ಲಾ?" ಎಂದು ಕೇಳಿದಳು. ಹೂಂ ಅಂದೆ.

ಅಬುಧಾಬಿಯ ದೊಡ್ಡ ನಿಲ್ದಾಣದಿಂದ ಬರ್ ದುಬೈಯ ಬಸ್ಸು. ದಾರಿಯುದ್ದಕ್ಕೂ ಮರಳು ಮತ್ತು ಕಂಬ. ಪಕ್ಕದಲ್ಲಿ ಒಬ್ಬಳು ಫಿಲಿಪಿನೊ ಹೆಂಗಸು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಇಷ್ಟು ಹತ್ತಿರ ಹೊರಗಿನವರು ಯಾರೂ ಕೂತಿರಲಿಲ್ಲ ಇಷ್ಟು ದಿನ. ಏಳಿಸಲು ಮನಸ್ಸಾಗಲಿಲ್ಲ.

ಸತ್ವಾದ ಗಲ್ಲಿಯಲ್ಲಿ ಹೊಲಿಗೆ ಯಂತ್ರಗಳ ಸದ್ದು, ಗ್ಯಾರೇಜಿನ ಎಣ್ಣೆ ವಾಸನೆ, ಫುಟ್‌ಪಾತಿನಲ್ಲಿ ನಡೆದು ಹೋಗುವ ಜನ. ನಡೆಯುವ ಜನರನ್ನು ಕಂಡೇ ಎಷ್ಟೋ ಕಾಲವಾಗಿತ್ತು. ಮೊರಿಸ್ ಅಂಗಡಿಯ ಎದುರು ಕುರ್ಚಿ ಹಾಕಿ ಕಾಯುತ್ತಿದ್ದರು. ಎತ್ತರದ ಆಳು, ಬೆನ್ನು ಬಾಗಿದೆ.

"ಅಪ್ಪಿಯಕ್ಕನ ಮೊಮ್ಮಗಳಾ? ಮೂಗು ಅವರದ್ದೇ ಮಾರಾಯ್ರೆ," ಎಂದರು.

ಚಾ ತರಿಸಿದರು. ನಾನು ಕೇಳಿದೆ, "ಮಂಡಳಿಯವರು ಗದ್ದೆ ನೋಡಲು ಬಂದ ದಿನ ನೀವು ಇದ್ದಿರಾ?"

"ಇರದೆ? ನಮ್ಮ ಗದ್ದೆಯದ್ದೂ ಅದೇ ದಿನ. ನನಗೆ ಆಗ ಇಪ್ಪತ್ತರ ಹತ್ತಿರ. ಮಳೆ ಬರ್ತಿತ್ತು... ಅಲ್ಲ, ಮಳೆ ಅಲ್ಲ. ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದು ಸುಗ್ಗಿ ಬೆಳೆಗೆ ಉಳುವ ಸಮಯ. ಆಫೀಸರು ಛತ್ರಿ ಹಿಡಿದದ್ದು ಬಿಸಿಲಿಗೆ."

ದನಿ ತಗ್ಗಿಸಿ ಹೇಳಿದರು, "ಅಪ್ಪಿಯಕ್ಕ ಉಳ್ತಿದ್ರು. ಅವರೇ. ಹೆಂಗಸು ನೇಗಿಲು ಹಿಡಿದ್ರೆ ಮಳೆ ಬರುದಿಲ್ಲ ಅಂತ ಆಗ ಎಷ್ಟು ಮಾತು! ನನ್ನ ಅಪ್ಪನೇ ಅವರ ಹತ್ರ ಮಾತು ಬಿಟ್ಟಿದ್ದ. ಆದ್ರೆ ಅವರು ಎಂತ ಮಾಡುದು? ಕೂಲಿಗೆ ಜನ ಸಿಕ್ಕಿದ್ರೆ ಸಿಕ್ಕಿತು, ಇಲ್ಲದಿದ್ರೆ ಇಲ್ಲ. ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ವರ್ಷ ವರ್ಷ ಕಟ್ಟ ಹಾಕ್ತಿದ್ದದ್ದೂ ಅವರೇ. ಮಣ್ಣು ಹೊತ್ತು ಹೊತ್ತು ತಲೆಯ ಮಧ್ಯದಲ್ಲಿ ಕೂದಲು ಹೋಗಿತ್ತು."

"ಆಫೀಸರು ಎಂತ ಕೇಳಿದರು?"

"'ಇಲ್ಲಿ ಬೇಸಾಯ ಮಾಡುದು ಯಾರಮ್ಮ?' ಅಂತ. ಮೊಣಕಾಲ ತನಕ ಕೆಸರು, ಕೈಯಲ್ಲಿ ನೇಗಿಲಿನ ಹಿಡಿ. ಅಪ್ಪಿಯಕ್ಕ ಹೇಳಿದ್ರು, 'ನನ್ನ ಮಗ ಸ್ವಾಮಿ. ಈಗಷ್ಟೇ ನೇಗಿಲು ನನ್ನ ಕೈಗೆ ಕೊಟ್ಟು ಗಂಜಿ ಕುಡೀಲಿಕ್ಕೆ ಹೋದ.' ಧಣಿಗಳ ಕಡೆಯವ ಜೋರು ನಗಾಡಿದ. ಮಗ ಬೊಂಬಾಯಿಯಲ್ಲಿ ಇರುದು ಊರಿಗೆಲ್ಲ ಗೊತ್ತು."

ಮೊರಿಸ್ ಸಹ ನಕ್ಕರು. ನನಗೆ ನಗು ಬರಲಿಲ್ಲ.

"ಆಫೀಸರು ಒಳ್ಳೆಯವರು. ನಗಾಡಲಿಲ್ಲ. ಬದಿಗೆ ಕರೆದು ಹೇಳಿದ್ರು, 'ನೀವೇ ಮಾಡುದು ಕಾಣ್ತದಲ್ಲಮ್ಮ, ನಿಮ್ಮ ಹೆಸರಲ್ಲೇ ಕೇಳಬಹುದಿತ್ತು. ಈಗಲೂ ದಾರಿ ಉಂಟು.' ನಾನು ಗದ್ದೆ ಬದುವಿನ ಕಟ್ಟಪುಣಿಯಲ್ಲೇ ನಿಂತಿದ್ದೆ, ಕೇಳಿಸ್ತು. ಅಪ್ಪಿಯಕ್ಕ ಹೇಳಿದ್ರು, 'ಬೇಡ ಸ್ವಾಮಿ. ಗದ್ದೆ ಅವನ ಹೆಸರಿಗೆ ಆದ್ರೆ ಅವನು ಊರಿಗೆ ಬರ್ತಾನೆ. ನನ್ನ ಹೆಸರಿಗೆ ಆದ್ರೆ ಯಾಕೆ ಬರ್ತಾನೆ?'"

ಚಾ ಆರಿ ಹೋಯಿತು. ಮಾಮ ಊರಿಗೆ ಬಂದರಾ ಎಂದು ನಾನು ಕೇಳಲಿಲ್ಲ. ಬರಲಿಲ್ಲ ಎಂದು ನನಗೆ ಗೊತ್ತು. ಬಂದದ್ದು ತಾಯಿಯನ್ನು ಕರೆದುಕೊಂಡು ಹೋಗಲು.

"ಆಮೇಲೆ ಕಟ್ಟ ಹಾಕುವವರಿಲ್ಲ," ಎಂದರು ಮೊರಿಸ್. "ಎರಡೇ ವರ್ಷ. ಉಪ್ಪು ಬಂತು, ಗದ್ದೆ ಹೋಯ್ತು. ನಾನೂ ಅಷ್ಟರಲ್ಲಿ ಇಲ್ಲಿಗೆ ಬಂದೆ."

ಬಸ್ ನಿಲ್ದಾಣದ ತನಕ ಬಂದು ಬಿಟ್ಟರು. ಬಸ್ಸಿನಲ್ಲಿ ಫೋನ್ ತೆಗೆದು ನೋಡಿದರೆ ರಿತೇಶನ ಕರೆಗಳು ಸಾಲುಗಟ್ಟಿದ್ದವು.

೧೨ ಅಕ್ಟೋಬರ್, ಭಾನುವಾರ

ನಿನ್ನೆ ನಾನು ಬರುವಾಗ ರಿತೇಶ್ ಗೇಟಿನ ಎದುರು ನಿಂತಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿನಗೆ ಏನಾದ್ರೂ ಆಗಿದ್ರೆ ನಾನು ಯಾರನ್ನು ಕೇಳ್ಲಿ ಅಮ್ಮ? ಪೊಲೀಸಿಗೆ ಹೇಳುವ ಅಂತ ಶರ್ಮಿಳಾ ಅಳ್ತಿದ್ದಳು."

ನನಗೆ ನಿಜವಾಗಿ ನಾಚಿಕೆಯಾಯಿತು. ಇವತ್ತು ನನ್ನ ಫೋನಿನಲ್ಲಿ ಏನೋ ಹಾಕಿಕೊಟ್ಟ. ನಾನು ಎಲ್ಲಿದ್ದೇನೆ ಎಂದು ಅವನ ಫೋನಿನಲ್ಲಿ ಕಾಣುತ್ತದಂತೆ. ನನ್ನ ಒಳ್ಳೆಯದಕ್ಕೆ. ಮುನೀರಾಳಿಗೂ ಹೇಳಿದ್ದಾನೆ, ಅಮ್ಮನನ್ನು ಇನ್ನು ಎಲ್ಲಿಗೂ ಕಳಿಸಬೇಡಿ ಎಂದು. ಅವಳು ಮೆಟ್ಟಿಲಲ್ಲಿ ಸಿಕ್ಕಿದರೆ ಈಗ ನೆಲ ನೋಡುತ್ತಾಳೆ.

ಹಿತಾ ಕೇಳಿದಳು, "ಅಜ್ಜಿ, ವರ್ ಯೂ ಲಾಸ್ಟ್?"

ಇಲ್ಲ ಮಗ, ದಾರಿ ಗೊತ್ತಿತ್ತು ಅಂದೆ.

೨೨ ಅಕ್ಟೋಬರ್, ಬುಧವಾರ

ಪಾಡ್ಯ. ಊರಲ್ಲಾದರೆ ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕೂಗುವ ದಿನ. ಇಲ್ಲಿ ಎಂತದ್ದನ್ನು ಕೂಗುವುದು? ಶರ್ಮಿಳಾ ಬ್ಯಾಟರಿಯ ದೀಪಗಳನ್ನು ಕಿಟಕಿಗೆ ಅಂಟಿಸಿದ್ದಾಳೆ. ಚೆಂದ ಉಂಟು. ಆಚೆಯ ಗೋಡೆಯ ಮೇಲೆ ಬಣ್ಣ ಬೀಳುತ್ತದೆ.

ಮುಖ್ತ್ಯಾರ್ ಪತ್ರ ಟೈಪಾಗಿ ಬಂದಿದೆ. ಇಂಗ್ಲಿಷಿನಲ್ಲಿ.

೪ ನವೆಂಬರ್, ಮಂಗಳವಾರ

ಅಜ್ಜಿಯ ಸಾವಿನ ತಾರೀಕಿಗೆಂದು ಜಯಪಾಲನಿಗೆ ಮತ್ತೆ ಫೋನ್ ಮಾಡಿದೆ. ಮಗುವಿಗೆ ಅನ್ನ ಕಲಸುತ್ತಾ ಸ್ಪೀಕರಿನಲ್ಲಿ ಹಾಕಿದ್ದೆ. ಬೊಂಬಾಯಿಯಲ್ಲಿ ಅಜ್ಜಿ ಇದ್ದಷ್ಟು ದಿನ ಅವನನ್ನು ನೋಡಿಕೊಂಡದ್ದು ಅವರೇ. ಮಾಮನೂ ಮಾಮಿಯೂ ಹಗಲಿಡೀ ಹೋಟೆಲಿನಲ್ಲಿ, ಮೇಲಿನ ಕೋಣೆಯಲ್ಲಿ ಅಜ್ಜಿ ಮತ್ತು ಜಯಪಾಲ.

"ನಿನಗೆ ಎಂತಾದರೂ ನೆನಪುಂಟಾ?" ಎಂದು ಕೇಳಿದೆ.

"ಉಂಟು ಅಕ್ಕ. ಯಾರ ಹತ್ರವೂ ಹೇಳಿದ್ದಿಲ್ಲ. ಮಳೆಗಾಲ ಶುರುವಾಗುವ ಮೊದಲು ಅಜ್ಜಿ ದಿನಾ ಅಪ್ಪನನ್ನು ಕೇಳುದು, ಟಿಕೇಟು ಮಾಡಿಸು, ಬಿತ್ತನೆ ಹಾಕ್ಲಿಕ್ಕುಂಟು. ಅಪ್ಪ ಮುಂದಿನ ತಿಂಗಳು ಅಂತ ಹೇಳುದು. ಮುಂದಿನ ತಿಂಗಳು ಅಂದ್ರೆ ಮಳೆ ಮುಗೀತಿತ್ತು."

"ಮತ್ತೆ?"

"ಒಂದು ದಿನ ನನಗೆ ಒಳ್ಳೆ ಅಂಗಿ ಹಾಕಿ, ಕೈ ಹಿಡ್ಕೊಂಡು ಹೊರಟರು. ಕೇಳ್ತಾ ಕೇಳ್ತಾ ಊರಿನ ಬಸ್ಸು ನಿಲ್ಲುವಲ್ಲಿಗೆ ಮುಟ್ಟಿದೆವು. ಬಸ್ಸಿನೊಳಗೆ ಕೂತೂ ಆಯ್ತು. ಕಂಡಕ್ಟರ್ ನಮ್ಮ ಕಡೆಯವ, ಅಪ್ಪನ ಹೋಟೆಲಿನಲ್ಲಿ ಊಟ ಮಾಡುವವ. ಅವನು ಆಚೆ ಅಂಗಡಿಯಿಂದ ಫೋನ್ ಮಾಡಿ ಹೇಳಿದ. ಅಪ್ಪ ಟ್ಯಾಕ್ಸಿಯಲ್ಲಿ ಬಂದು ಇಳಿಸ್ಕೊಂಡು ಹೋದ. ದಾರಿಯಲ್ಲಿ ಅಪ್ಪ ಅಳ್ತಿದ್ದ ಅಕ್ಕ. ಅಜ್ಜಿ ಅಳಲಿಲ್ಲ. ಮರುದಿನದಿಂದ ಬಾಗಿಲಿಗೆ ಹೊರಗಿನಿಂದ ಚಿಲಕ."

"ಎಷ್ಟು ದಿನ?"

"ಗೊತ್ತಿಲ್ಲ. ನಾನು ಶಾಲೆಗೆ ಹೋಗ್ಲಿಕ್ಕೆ ಶುರುಮಾಡಿದ್ದೆ. ಬರುವಾಗ ಚಿಲಕ ತೆಗೆದು ಒಳಗೆ ಹೋಗುದು. ಒಂದು ದಿನ ಬಂದಾಗ ಅಜ್ಜಿ ಎದ್ದಿರಲಿಲ್ಲ. ಮಳೆಗಾಲ ಅದು. ತಾರೀಕು ನನಗೆ ಗೊತ್ತಿಲ್ಲ."

ಮಾನ್ಯ ಬಟ್ಟಲು ಎಳೆದು ಅನ್ನವೆಲ್ಲ ನೆಲಕ್ಕೆ ಚೆಲ್ಲಿದಳು. ಆಮೇಲೆ ಫೋನ್ ಮಾಡ್ತೇನೆ ಎಂದು ಇಟ್ಟೆ.

ಸ್ವಲ್ಪ ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದೆ. ಅಜ್ಜಿಯ ಕತೆ ಬೇರೆ. ಆ ಕಾಲ ಬೇರೆ. ಇಲ್ಲಿ ಎಸಿ ಉಂಟು, ವಾರಕ್ಕೊಮ್ಮೆ ಹೊರಗೆ ಕರೆದುಕೊಂಡು ಹೋಗುತ್ತಾರೆ, ಶರ್ಮಿಳಾ ನನಗೆಂದೇ ಕುಚ್ಚಲಕ್ಕಿ ಹುಡುಕಿ ತರುತ್ತಾಳೆ.

೫ ನವೆಂಬರ್, ಬುಧವಾರ

ಗೇಟಿನ ತನಕ ಹೋಗಿ ಬಂದೆ. ಹೊರಗೆ ಹೋಗಲಿಲ್ಲ. ಚಿಲಕ ಒಳಗಿನಿಂದಲೇ ಇರುವುದು.

೧೩ ನವೆಂಬರ್, ಗುರುವಾರ

ಇವತ್ತು ಮುಖ್ತ್ಯಾರ್ ಪತ್ರದ ಸಹಿಗೆ ನಮ್ಮ ದೇಶದ ರಾಯಭಾರ ಕಚೇರಿಗೆ ಹೋದೆವು. ರಿತೇಶ್ ಅರ್ಧ ದಿನ ರಜೆ ಹಾಕಿದ್ದ, ಮಗುವನ್ನು ಶರ್ಮಿಳಾ ನೋಡಿಕೊಂಡಳು. ನಾನು ಒಳ್ಳೆಯ ಸೀರೆ ಉಟ್ಟಿದ್ದೆ. ಟೋಕನ್ ತೆಗೆದುಕೊಂಡು ಕೂತೆವು. ಸುತ್ತ ನಮ್ಮ ದೇಶದವರೇ, ಕೈಯಲ್ಲಿ ಫೈಲು.

ನಮ್ಮ ನಂಬರು ಬಂತು. ಗಾಜಿನ ಆಚೆ ಕನ್ನಡಕದ ಹೆಂಗಸು. ಕಾಗದ ನೋಡಿ, ನನ್ನ ಪಾಸ್‌ಪೋರ್ಟಿನ ಫೋಟೊ ನೋಡಿ, ಮುಖ ನೋಡಿ, ಹಿಂದಿಯಲ್ಲಿ ಕೇಳಿದರು, "ಇದರಲ್ಲಿ ಏನು ಬರೆದಿದೆ ಗೊತ್ತುಂಟಲ್ಲ ಮಾತಾಜಿ? ನಿಮ್ಮ ಮನಸ್ಸಿನಿಂದಲೇ ಸಹಿ ಮಾಡುತ್ತಿದ್ದೀರಲ್ಲ?"

ಎಲ್ಲರನ್ನೂ ಕೇಳುವ ಪ್ರಶ್ನೆಯೇ. ನನಗಿಂತ ಮುಂಚಿನವರನ್ನೂ ಕೇಳಿದ್ದರು, ಅವರು ತಲೆಯಾಡಿಸಿದ್ದರು. ರಿತೇಶ್ ನನ್ನ ಪರವಾಗಿ "ಹಾಂ ಜೀ" ಎಂದ.

"ಅವರೇ ಹೇಳಬೇಕು," ಎಂದರು ಆಕೆ.

ನಾನು ಪೆನ್ನು ಹಿಡಿದಿದ್ದೆ. ಸಹಿ ಮಾಡಲೆಂದೇ ಹೋದವಳು. ಬಾಯಿಗೆ ಬಂದದ್ದು "ನಹೀಂ."

ಅವರು ಪೆನ್ನು ತೆಗೆದುಕೊಂಡು, ಕಾಗದಗಳನ್ನು ಜೋಡಿಸಿ ಗಾಜಿನ ಕೆಳಗಿನಿಂದ ಹಿಂದೆ ತಳ್ಳಿದರು. ಸಿಟ್ಟಿಲ್ಲ, ಏನಿಲ್ಲ. ಮುಂದಿನ ನಂಬರು ಕರೆದರು.

ಕಾರಿನಲ್ಲಿ ರಿತೇಶ್ ಕೇಳಿದ, "ಎಲ್ಲರ ಎದುರು ನನ್ನನ್ನು ಹಾಗೆ ಮಾಡ್ಬೇಕಿತ್ತಾ? ನಾನು ನಿನ್ನ ಹತ್ರ ಕಿತ್ಕೊಳ್ತಾ ಇದ್ದೇನಾ?"

"ಇಲ್ಲ ಮಗ."

"ಆ ಉಪ್ಪು ಗದ್ದೆಯಲ್ಲಿ ಎಂತ ಉಂಟು? ಹುಲ್ಲು ಸಹ ಹುಟ್ಟುದಿಲ್ಲ."

ಆಗ ನಾನು ಅಪ್ಪಿಯ ವಿಷಯ ಹೇಳಿದೆ. ಕಟ್ಟ ಹಾಕಿದ್ದು, ನೇಗಿಲು ಹಿಡಿದು ನಿಂತು ಮಗ ಗಂಜಿ ಕುಡಿಯಲು ಹೋಗಿದ್ದಾನೆ ಎಂದದ್ದು, ಮಗ ಊರಿಗೆ ಬರಲಿ ಎಂದು ಗದ್ದೆಯನ್ನು ಅವನ ಹೆಸರಿಗೆ ಬಿಟ್ಟದ್ದು. ಅಷ್ಟರಲ್ಲಿ ಮನೆ ಬಂತು. ಬೊಂಬಾಯಿಯದ್ದು ಹೇಳಲಿಲ್ಲ.

ಇಳಿಯುವ ಮೊದಲು ನಾನೇ ಹೇಳಿದೆ, "ನನಗೆ ಊರಿಗೆ ಟಿಕೇಟು ಮಾಡಿಸು."

ಅವನು ಸ್ಟೀರಿಂಗ್ ಬಿಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. "ಮುಂದಿನ ತಿಂಗಳು ನೋಡುವ," ಎಂದ.

"ತಾರೀಕು ಹೇಳು," ಎಂದೆ.

೧೪ ನವೆಂಬರ್, ಶುಕ್ರವಾರ

ಶರ್ಮಿಳಾ ಮಾತಾಡಿಯೇ ಬಿಟ್ಟಳು. ಮದುವೆಯಾಗಿ ಬಂದ ಮೇಲೆ ಮೊದಲ ಸಲ.

"ಮಾಮಿ, ನಿಮಗೆ ಗದ್ದೆ ಬೇಕಾಯ್ತು, ಈ ಮಗು ಬೇಡವಾಯ್ತು ಅಲ್ವಾ?"

"ಹಾಗೆ ಹೇಳ್ಬೇಡ."

"ಮತ್ತೆ ಹೇಗೆ ಹೇಳುದು? ನೀವು ಹೋದ್ರೆ ನಾನು ಕೆಲಸ ಬಿಡ್ಬೇಕು. ಡೇಕೇರಲ್ಲಿ ಬಿಟ್ರೆ ಇವಳು ಒಂದು ತುತ್ತೂ ತಿನ್ನುದಿಲ್ಲ. ನಿಮ್ಮ ಕೈಯಿಂದ ಮಾತ್ರ ತಿನ್ನುದು. ನೀವೇ ಹಾಗೆ ಅಭ್ಯಾಸ ಮಾಡಿದ್ದು."

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಅಳುತ್ತಾ ಹೇಳಿದಳು, ನನಗೂ ಅಳು ಬಂತು. ಮಾನ್ಯ ಇಬ್ಬರ ಮುಖವನ್ನೂ ನೋಡಿ ತಾನೂ ಅತ್ತಳು. ಇರುತ್ತೇನೆ ಎಂಬ ಮಾತು ಗಂಟಲಿನ ತನಕ ಬಂದಿತ್ತು. ಏಳಬೇಕಾಯಿತು, ಹೋಗಿ ಮುಖ ತೊಳೆದುಕೊಂಡೆ.

೧೬ ನವೆಂಬರ್, ಭಾನುವಾರ

ಮನೆಯಲ್ಲಿ ಪಾತ್ರೆಯ ಸದ್ದು ಮಾತ್ರ.

೨೪ ನವೆಂಬರ್, ಸೋಮವಾರ

ಶರ್ಮಿಳಾ ಎರಡು ಡೇಕೇರ್ ನೋಡಿ ಬಂದಳು. ಒಂದು ಅವಳ ಆಫೀಸಿನ ಹತ್ತಿರವೇ. ನನ್ನನ್ನೂ ಕರೆದುಕೊಂಡು ಹೋದಳು, "ನೀವು ನೋಡಿ ಸರಿ ಅಂದ್ರೆ ಮಾತ್ರ" ಎಂದಳು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ನುಸ್ರತ್ ಎಂಬ ಹುಡುಗಿ ಮಾನ್ಯಳ ಎದುರು ನೆಲದಲ್ಲಿ ಮಲಗಿ ಬೆಕ್ಕಿನ ಹಾಗೆ ಕೂಗಿದಳು. ಮಾನ್ಯ ನಕ್ಕಳು. ನನ್ನ ಕೈಯಿಂದ ಇಳಿದು ಅವಳ ಹತ್ತಿರ ಅಂಬೆಗಾಲಿಟ್ಟು ಹೋದಳು. ಸರಿ ಉಂಟು ಎಂದೆ.

ವಾಪಸು ಬರುವಾಗ ಶರ್ಮಿಳಾ, "ನನ್ನ ಅಮ್ಮನೂ ಮಸ್ಕತ್ತಿನಲ್ಲಿ ಅಣ್ಣನ ಮನೆಯಲ್ಲಿ ಇದ್ದಾರಲ್ಲ, ಮೂರು ವರ್ಷ ಆಯ್ತು," ಎಂದಳು. ಅಷ್ಟೇ. ಮತ್ತೆ ರಸ್ತೆ ನೋಡಿಕೊಂಡು ಕಾರು ಓಡಿಸಿದಳು.

ಸಂಜೆ ಊಟದ ಮೇಜಿನ ಮೇಲೆ ನನ್ನ ತಟ್ಟೆಯ ಪಕ್ಕ ಪಾಸ್‌ಪೋರ್ಟ್ ಇತ್ತು. ಇಟ್ಟದ್ದು ಅವಳೇ. ರಿತೇಶ್ ನೋಡಿದ. ಊಟ ಮುಗಿಸಿ ಎದ್ದು ಕೈ ಒರೆಸಿಕೊಳ್ಳುತ್ತಾ, "ಆರನೇ ತಾರೀಕು ಆಗ್ತದಾ?" ಎಂದ.

"ಆಗ್ತದೆ. ಬೊಂಬಾಯಿ ಮೇಲೆ ಹೋಗುವುದು ಸಿಕ್ಕಿದರೆ ನೋಡು. ಅಲ್ಲಿ ಎರಡು ದಿನ ನಿಲ್ಲಬೇಕು. ಜಯಪಾಲ ಬರ್ತಾನೆ."

"ಅಲ್ಲಿ ಎಂತ?"

"ಅಜ್ಜಿಯ ತಾರೀಕು ಹುಡುಕ್ಲಿಕ್ಕೆ."

ಅವನು ತಲೆಯಾಡಿಸಿದ.

೬ ಡಿಸೆಂಬರ್, ಶನಿವಾರ
ಅಬುಧಾಬಿ ವಿಮಾನ ನಿಲ್ದಾಣ

ಇನ್ನೂ ಸಮಯವಿದೆ, ಗೇಟಿನ ಎದುರು ಕೂತು ಬರೆಯುತ್ತಿದ್ದೇನೆ.

ಮಾನ್ಯಳನ್ನು ಮನೆಯಲ್ಲೇ ಬಿಟ್ಟು ಬಂದೆ. ನಾನು ದಿನವೂ ಉಡುವ ಸೀರೆಯೊಂದನ್ನು ಶರ್ಮಿಳಾ ಕೇಳಿ ಇಟ್ಟುಕೊಂಡಳು, ಮಗುವನ್ನು ಮಲಗಿಸಲು ಬೇಕು ಎಂದು. ಮತ್ತೆ ಯಾವಾಗ ಬರುತ್ತೀರಿ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಿತಾ ಬಾಗಿಲ ತನಕ ಬಂದು, "ಅಜ್ಜಿ, ಕಾಲ್ ಮೀ ಫಸ್ಟ್, ನಾಟ್ ಪಪ್ಪಾ," ಎಂದಳು. ಮುನೀರಾ ಮೇಲಿನ ಕಿಟಕಿಯಿಂದ ಕೈ ಬೀಸಿದಳು.

ರಿತೇಶ್ ಒಬ್ಬನೇ ನನ್ನ ಜೊತೆ ಬಂದದ್ದು. ಫ್ಲ್ಯಾಟಿನ ವಿಷಯ ಬಿಟ್ಟಿದ್ದಾನೋ ಮುಂದೆ ಹಾಕಿದ್ದಾನೋ ಗೊತ್ತಿಲ್ಲ. ನಾನು ಜಾಗವನ್ನು ಏನು ಮಾಡುತ್ತೇನೆ ಎಂದು ಅವನು ಕೇಳಿದ, ಇನ್ನೂ ನೋಡಲಿಲ್ಲವಲ್ಲ ಮಗ, ಮೊದಲು ಹೋಗಿ ನೋಡುತ್ತೇನೆ ಎಂದೆ. ಪೆಟ್ಟಿಗೆ ತೂಗಿಸಿ, ಬೋರ್ಡಿಂಗ್ ಪಾಸ್ ನನ್ನ ಕೈಗೆ ಕೊಟ್ಟು, ಇಲ್ಲಿಂದ ಮುಂದೆ ಅವನಿಗೆ ಬರಲಿಕ್ಕಿಲ್ಲ ಎನ್ನುವ ಗೆರೆಯ ಹತ್ತಿರ ನಿಂತ. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು.

"ಅಮ್ಮ."

"ಹೇಳು."

"ಆ ಅಜ್ಜಿಯ ಮಗ ಊರಿಗೆ ಬಂದನಾ?"

"ಬಂದ. ಅವರನ್ನು ಬೊಂಬಾಯಿಗೆ ಕರ್ಕೊಂಡು ಹೋಗ್ಲಿಕ್ಕೆ. ಅಲ್ಲಿ ಮೊಮ್ಮಗನನ್ನು ನೋಡಿಕೊಂಡಿದ್ದರು."

ಅವನು ನನ್ನ ಕೈಚೀಲದ ಪಟ್ಟಿಯನ್ನು ಸರಿಮಾಡಿದ. ಅದು ಸರಿಯಾಗಿಯೇ ಇತ್ತು.

"ಮತ್ತೆ ಅಜ್ಜಿ ಊರಿಗೆ ವಾಪಸು ಬಂದ್ರಾ?"

"ಇಲ್ಲ ಮಗ."

ಅವನು ಅಲ್ಲಿಯೇ ನಿಂತ. ಹಿಂದಿನವರು ಜಾಗ ಕೇಳಿದರು. ಆಗ ಬಾಗಿ ನನ್ನ ಕಾಲು ಮುಟ್ಟಿದ. ಮದುವೆಯ ದಿನ ಮುಟ್ಟಿದ್ದನ್ನು ಬಿಟ್ಟರೆ ಇದೇ. ಎದ್ದಾಗ ಮುಖ ತೋರಿಸಲಿಲ್ಲ.

"ಹೋಗು ಅಮ್ಮ," ಎಂದ. "ಲೇಟಾಗ್ತದೆ. ಹೋಗು."